ಗುಂಡಿಯಣ್ಣ ತೋರಿಸಿದ ಜಾಗ

ಅವನ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಹಾರೆ ಬಿದ್ದು ಹೋಯಿತಂತೆ, ಮತ್ತೆ ಬೆಳೆಯಲಿಲ್ಲ. ಉಗುರು ಇರಬೇಕಾದ ಕಡೆ ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆ ಬೆರಳಿನಲ್ಲೇ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಊರ ಹೆಣಕ್ಕೆಲ್ಲ ಮಣ್ಣು ಎಳೆದ ಕೈ ಅಂತ ನಮ್ಮ ಕಡೆ ಹೆಂಗಸರು ಅವನು ಮಡಿಸಿಕೊಟ್ಟ ಎಲೆ ಮುಟ್ಟುತ್ತಿರಲಿಲ್ಲ. ನಾನು ಇಸಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅವನನ್ನು ನಂಬಿದಷ್ಟು ಕಟ್ಟಿಕೊಂಡ ಗಂಡನನ್ನೂ ನಾನು ನಂಬಿರಲಿಲ್ಲ. ಇದು ಸುಳ್ಳಲ್ಲ, ನಮ್ಮ ಯಜಮಾನರು ಇದ್ದಾಗಲೇ ಅವರ ಮುಖದ ಮುಂದೆ ಹೇಳಿದ್ದೇನೆ.

ಊರಿನ ಮಸಾಣ ಕಾಯುವುದು, ಗುಂಡಿ ತೆಗೆಯುವುದು ಅವನ ಮನೆತನದ ಕೆಲಸ. ಹೆಸರು ಇತ್ತು, ಕರೆಯುವವರಿರಲಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಗುಂಡಿಯಣ್ಣ. ಯಲಹಂಕದಿಂದ ಈಚೆಗೆ ನಮ್ಮೂರು. ಈಗ ಊರ ಹೆಸರು ಹೇಳಿದರೆ ಆಟೋದವನಿಗೂ ಗೊತ್ತಾಗುವುದಿಲ್ಲ, ಲೇಔಟಿನ ಹೆಸರು, ಎಷ್ಟನೇ ಕ್ರಾಸು ಎಲ್ಲ ಹೇಳಬೇಕು. ಆಗ ಕೆರೆ ಏರಿಗೂ ಗಾಡಿ ದಾರಿಗೂ ನಡುವೆ ಇದ್ದದ್ದೇ ಮಸಾಣ. ಗೋಡೆಯೂ ಇರಲಿಲ್ಲ, ಗೇಟೂ ಇರಲಿಲ್ಲ.

ಅಂಥ ಕೆಲಸ ಮಾಡುವವನು ಕೊಳಕಾಗಿರುತ್ತಾನೆ ಅಂತ ಯಾರಾದರೂ ತಿಳಿದಿದ್ದರೆ ತಪ್ಪು. ಭಾರಿ ಷೋಕಿ ಅವನದು. ಗುಂಡಿ ಮುಚ್ಚಿ, ಕೆರೆಯಲ್ಲಿ ಮುಳುಗಿ ಎದ್ದು, ತಲೆಗೆ ಹರಳೆಣ್ಣೆ ಇಳಿಯುವ ಹಾಗೆ ಹಚ್ಚಿ, ಮೀಸೆ ತೀಡಿ, ಇಸ್ತ್ರಿ ಪಂಚೆ ಉಟ್ಟು ಮಾರಮ್ಮನ ಗುಡಿ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ಹೊರಗಿನವರು ಜಮೀನಿನ ವ್ಯವಹಾರಕ್ಕೆ ಬಂದಾಗ ಇವನೇ ಊರ ಯಜಮಾನ ಅಂದುಕೊಂಡು ಕೈ ಮುಗಿದದ್ದೂ ಉಂಟು. ಇವನೂ ಸುಮ್ಮನೆ ಕೈ ಮುಗಿಸಿಕೊಂಡು, ಬೆಲೆ ಜಾಸ್ತಿಯಾಯಿತು ಅಂತ ಬೇರೆ ಹೇಳಿ ಕಳಿಸುತ್ತಿದ್ದನಂತೆ.

ಸತ್ತರು ಅನ್ನುವ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. ನಾವೆಲ್ಲ ಹೋದರು ಅಂದರೆ ಅವನು ಬಂದರು ಅನ್ನುತ್ತಿದ್ದ. 'ನೆನ್ನೆ ಶೆಟ್ಟಿಹಳ್ಳಿ ಕಡೆಯಿಂದ ಒಬ್ಬರು ಬಂದವ್ರೆ, ಎತ್ತರದ ಆಳು, ಸೊಂಟ ಬಿದ್ದೋಯ್ತು.' ಹೊಸದಾಗಿ ಮದುವೆಯಾಗಿ ಬಂದಿದ್ದ ನಾನು, ಇವನ ಮನೆಗೆ ದಿನಾ ಎಷ್ಟು ನೆಂಟರಪ್ಪಾ ಅಂತ ಬೆರಗಾಗಿದ್ದೆ. ಅತ್ತೆ ಹೇಳಿದ ಮೇಲೆ ಗೊತ್ತಾಯಿತು ಎಂಥ ನೆಂಟರು ಅಂತ.

ಇನ್ನೊಂದು ಕೆಟ್ಟ ಚಾಳಿ ಇತ್ತು. ಯಾರನ್ನಾದರೂ ಮೊದಲ ಸಲ ನೋಡಿದರೆ ತಲೆಯಿಂದ ಕಾಲಿನವರೆಗೆ ಒಮ್ಮೆ, ಹೆಗಲಿಂದ ಹೆಗಲಿಗೆ ಒಮ್ಮೆ ಕಣ್ಣಾಡಿಸುತ್ತಿದ್ದ. ಬೇಕು ಅಂತ ಮಾಡುತ್ತಿದ್ದದ್ದಲ್ಲ, ದರ್ಜಿ ಬಟ್ಟೆ ನೋಡುತ್ತಾನಲ್ಲ ಹಾಗೆ. ನಮ್ಮ ನಾದಿನಿ ಮದುವೆಯಲ್ಲಿ ಗಂಡಿನ ಚಿಕ್ಕಪ್ಪನನ್ನು ಹಾಗೆ ನೋಡಿ ದೊಡ್ಡ ರಂಪವಾಯಿತು. ಆ ಮನುಷ್ಯ ಊಟ ಬಿಟ್ಟು ಎದ್ದ. ಇವನು ಮಾತ್ರ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಂಡು ಉಂಡ. ನನ್ನನ್ನು ಕಂಡಾಗಲೆಲ್ಲ, ನೀನು ಕುಳ್ಳಿ, ನಿಂದು ಬೆಳಿಗ್ಗೆ ತಿಂಡಿ ಹೊತ್ತಿಗೆ ಮುಗಿಯೋ ಕೆಲಸ ಅಂತ ಚುಡಾಯಿಸುವುದು. ನಾನೂ ಬಿಡುತ್ತಿರಲಿಲ್ಲ. ನಿನ್ನ ಹೊಟ್ಟೆಗೆ ಜೆಸಿಬಿಯೇ ತರಿಸಬೇಕು ಅನ್ನುತ್ತಿದ್ದೆ.

ಆಗ ಯಾರನ್ನು ಎಲ್ಲಿ ಹೂತರು ಅಂತ ಎಲ್ಲೂ ಬರೆಯುತ್ತಿರಲಿಲ್ಲ. ಕಲ್ಲು ಕಟ್ಟಿಸುವ ತಾಕತ್ತು ಎಷ್ಟು ಮನೆಗಿತ್ತು? ಗುಡ್ಡೆ ಮಾಡಿ, ತಲೆ ಕಡೆ ಒಂದು ಗುಂಡುಕಲ್ಲು ಇಟ್ಟು ಬರುವುದು. ಒಂದು ಮಳೆಗಾಲ ಕಳೆದರೆ ಹುಲ್ಲು ಎದ್ದು ಎಲ್ಲ ಒಂದೇ ಥರ. ಮಹಾಲಯ ಅಮಾವಾಸ್ಯೆಗೆ ಎಡೆ ತಗೊಂಡು ಹೋದವರು ಮೊದಲು ಇವನನ್ನು ಹುಡುಕಬೇಕು. ನಮ್ಮಪ್ಪ ಎಲ್ಲಣ್ಣಾ ಅಂತ ಕೇಳಿದರೆ ಗುದ್ದಲಿ ಕಾವಿನಲ್ಲಿ ತೋರಿಸುತ್ತಿದ್ದ. ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಅವನು ತೋರಿಸಿದ ಮಣ್ಣಿಗೆ ಹಾಲು ತುಪ್ಪ ಬಿಟ್ಟು, ಎಲೆ ಹಾಕಿ ಬಡಿಸಿ, ಅಡ್ಡ ಬಿದ್ದು ಬರುವುದು ಅಷ್ಟೇ. ಜಾಗ ಕೊಡುವುದರಲ್ಲೂ ಅವನದೇ ಲೆಕ್ಕ. ಬದುವಿಗೆ ಜಗಳ ಆಡಿ ಕೋರ್ಟು ಹತ್ತಿದವರನ್ನು ಪಕ್ಕಪಕ್ಕ ಹಾಕುತ್ತಿರಲಿಲ್ಲ. ಅತ್ತೆ ಸೊಸೆಗೂ ನಡುವೆ ಒಬ್ಬ ಗಂಡಸಿರಬೇಕು. ಅಲ್ಲೂ ಶುರು ಹಚ್ಕೊಂಡ್ರೆ ಬಿಡಿಸೋಕೆ ನಾನೊಬ್ಬನೇ ಅಲ್ವಾ ಇರೋದು ಅನ್ನುತ್ತಿದ್ದ.

ನನ್ನ ಅಕ್ಕನ ವಿಷಯ ಹೇಳದೆ ಅವನ ವಿಷಯ ಮುಂದಕ್ಕೆ ಹೋಗುವುದಿಲ್ಲ.

ನಮ್ಮವ್ವ ನಾನು ತೆವಳುವಾಗಲೇ ಹೋದಳು. ಸಾಕಿದ್ದು ಅಕ್ಕ. ಅವಳಿಗೆ ಮೈನೆರೆದ ವರ್ಷವೇ ಹೆಗಲ ಮೇಲೆ ತೊನ್ನು ಕಾಣಿಸಿತು, ಆಮೇಲೆ ಬೆನ್ನು, ಹೊಟ್ಟೆ. ಹೆಣ್ಣು ನೋಡಲು ಬಂದ ಹೆಂಗಸರು ಸೀರೆ ಉಡಿಸುವ ನೆಪದಲ್ಲಿ ನೋಡಿಬಿಟ್ಟರು. ಅಲ್ಲಿಗೆ ಅವಳ ಮದುವೆ ಮುಗಿಯಿತು. ನಾನು ಮದುವೆಯಾಗಿ ಬರುವಾಗ ಜೊತೆಗೇ ಕರೆದುಕೊಂಡು ಬಂದೆ. ಎದೆ ಕಾಯಿಲೆ, ಅದಕ್ಕೆ ಮದುವೆ ಮಾಡಲಿಲ್ಲ ಅಂತ ಇಲ್ಲಿ ಹೇಳಿದೆವು. ಬೇಸಿಗೆಯಲ್ಲೂ ಮೊಣಕೈ ದಾಟಿದ ರವಿಕೆ, ಎಲ್ಲರೂ ಏಳುವ ಮುಂಚೆ ಸ್ನಾನ. ನನಗೂ ನಮ್ಮ ಯಜಮಾನರಿಗೂ ಬಿಟ್ಟರೆ ಊರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಒಂದೇ ಸೂರಿನಡಿ ಇದ್ದ ನಮ್ಮತ್ತೆಗೇ ತಿಳಿಯಲಿಲ್ಲ ಅಂದರೆ ಅಕ್ಕ ಹೇಗೆ ಬದುಕಿದಳು ಅಂತ ನೀವೇ ಯೋಚಿಸಿ.

ಯಾಕೆ ಅಷ್ಟು ಮುಚ್ಚಿಟ್ಟಿರಿ ಅಂತ ಈಗಿನವರು ಕೇಳುತ್ತಾರೆ. ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ, ಮಣ್ಣು ಮಾಡುವುದು. ಆದರೆ ತೊನ್ನು ಇದ್ದವರನ್ನು ಮಣ್ಣಿಗೆ ಹಾಕಬಾರದು, ಹಾಕಿದರೆ ಮಳೆ ಬರುವುದಿಲ್ಲ ಅಂತ ಆಗ ಎಲ್ಲರೂ ನಂಬಿದ್ದರು. ಅಂಥವರನ್ನು ಸುಡಬೇಕು. ಗೊತ್ತಿಲ್ಲದೆ ಹೂತಿದ್ದು ಮಳೆ ಕೈಕೊಟ್ಟ ವರ್ಷ ಗೊತ್ತಾದರೆ, ಊರ ಗಂಡಸರು ಹೋಗಿ ಅಗೆದು ತೆಗೆದು ಸುಡುತ್ತಿದ್ದರು. ನಾನು ಕೇಳಿದ ಕಥೆಯಲ್ಲ, ನನ್ನ ತವರಿನಲ್ಲಿ ನಡೆದಿತ್ತು. ಅಕ್ಕನೂ ನೋಡಿದ್ದಳು. ಅವಳಿಗೆ ಇದ್ದ ಹೆದರಿಕೆ ಅದೊಂದೇ. ಕೊನೆಗೆ ಕಾಮಾಲೆ ಹತ್ತಿ ಮಲಗಿದಾಗ ನನ್ನ ಸೆರಗು ಹಿಡಿದು ಅಂದಳು: 'ನನ್ನ ಸುಡಿಸ್ಬೇಡ ಕಣೇ. ಬದುಕಿರೋವಷ್ಟು ದಿನ ಮುಚ್ಕೊಂಡೇ ಇದ್ದೆ. ಸತ್ತ ಮೇಲಾದ್ರೂ ಮಣ್ಣು ಮುಚ್ಲಿ.'

ಅವಳು ಹೋದ ದಿನ ಬಾಗಿಲು ಹಾಕಿಕೊಂಡು ನಾನೊಬ್ಬಳೇ ಮೈ ತೊಳೆದೆ. ಅಷ್ಟು ಹೊತ್ತಿಗೆ ತೊನ್ನು ಮುಂಗೈಗೂ ಕುತ್ತಿಗೆಗೂ ಹಬ್ಬಿತ್ತು, ಮಲಗಿದ್ದಷ್ಟು ದಿನ ಕಂಬಳಿ ಹೊದಿಸಿ ಮುಚ್ಚಿದ್ದೆ. ಸೀರೆಯಲ್ಲಿ ಎಷ್ಟು ಅಂತ ಮುಚ್ಚುವುದು? ಹೊರಗೆ ಜಗುಲಿ ತುಂಬ ಜನ. ಹಿತ್ತಲಿಗೆ ಓಡಿದೆ. ಗುಂಡಿಯಣ್ಣ ಹಾರೆ ಹಿಡಿದು, ಆಳು ಎಷ್ಟುದ್ದ ಅಂತ ಕೇಳಲು ನಿಂತಿದ್ದ. ಯಾಕೋ ಅವನಿಗೆ ಎಲ್ಲ ಹೇಳಿಬಿಟ್ಟೆ. ಅವನು ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುತ್ತಲೇ ಕೇಳಿಸಿಕೊಂಡು, 'ಮನೇಲಿ ಅರಿಶಿನ ಎಷ್ಟೈತೆ?' ಅಂದ. ಮುಖ, ಕುತ್ತಿಗೆ, ಕೈಕಾಲು ಎಲ್ಲಕ್ಕೂ ದಪ್ಪಗೆ ಬಳಿ ಅಂದ. ಯಾರಾದರೂ ಕೇಳಿದರೆ, ಮದುವೆಯಾಗದೆ ಹೋದವಳು, ಮದುವಣಗಿತ್ತಿ ಮಾಡಿ ಕಳಿಸ್ತಾ ಇದೀವಿ ಅನ್ನು ಅಂದ.

ಹಾಗೇ ಮಾಡಿದೆ. ಅಕ್ಕನನ್ನು ಹೊರಗೆ ತಂದು ಕೂರಿಸಿದಾಗ ಊರ ಹೆಂಗಸರೆಲ್ಲ ಗೊಳೋ ಅಂತ ಅತ್ತರು. ನಮ್ಮತ್ತೆ ತನ್ನ ಪೆಟ್ಟಿಗೆಯಿಂದ ಹಸಿರು ಬಳೆ ತಂದು ತಾನೇ ತೊಡಿಸಿದಳು. ಗುಂಡಿಗೆ ಅವನೇ ಇಳಿದು ಅವಳನ್ನು ಇಸಕೊಂಡ. ಮಲಗಿಸುವಾಗ ಒಂದು ಕೈ ಜಾರಿ ಹೊರಗೆ ಬಂತು, ಅರಿಶಿನ ಸೀರೆಗೆ ಒರೆಸಿಹೋಗಿ ಬೆಳ್ಳಗೆ ಕಂಡಿತು. ಅವನು ಸೀರೆ ಎಳೆದು ಮುಚ್ಚಿ, ಮೇಲೆ ತಾನೇ ಎರಡು ಬೊಗಸೆ ಮಣ್ಣು ಹಾಕಿದ. ಸಂಜೆ ಹಿತ್ತಲಿಗೆ ಬಂದು, 'ನಾನೇನೂ ನೋಡ್ಲಿಲ್ಲ ಕಣವ್ವ. ನೀನೂ ನಂಗೇನೂ ಹೇಳ್ಲಿಲ್ಲ' ಅಂದ.

ಅವತ್ತಿನಿಂದ ನನಗೆ ಅವನು ಒಡಹುಟ್ಟಿದವನೇ ಆದ. ಅವನ ಕುಲದವರನ್ನು ನಮ್ಮತ್ತೆ ಜಗುಲಿ ಹತ್ತಿಸುತ್ತಿರಲಿಲ್ಲ. ನಾನು ಹತ್ತಿಸಿದೆ, ಮಣೆ ಹಾಕಿ ಊಟಕ್ಕೆ ಕೂರಿಸಿದೆ. ಅತ್ತೆ ಎರಡು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು. ಬಿಟ್ಟರೆ ಬಿಡಲಿ ಅಂದುಕೊಂಡೆ.

ಅದಾಗಿ ಎರಡು ವರ್ಷಕ್ಕೆ ಮಳೆ ಕೈಕೊಟ್ಟಿತು. ಕೆರೆಯ ತಳ ಬಿರುಕು ಬಿಟ್ಟು ಕಾಣುತ್ತಿತ್ತು. ನಾನು ಎರಡನೆಯ ಬಾಣಂತನಕ್ಕೆ ದೊಡ್ಡಬಳ್ಳಾಪುರದ ಕಡೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಯಜಮಾನರೂ ಮಗು ನೋಡಲು ಬಂದು, ಒಣಗಿದ ಊರಲ್ಲೇನು ಕೆಲಸವಿದೆ ಅಂತ ಅಲ್ಲೇ ಉಳಿದಿದ್ದರು. ಅಲ್ಲಿರುವಾಗಲೇ ಮಳೆ ಹಿಡಿಯಿತು. ಎಂಥ ಮಳೆ ಅಂತೀರಿ, ಯಜಮಾನರು ಬಿತ್ತನೆಗೆ ಅಂತ ಊರಿಗೆ ಓಡಿದರು. ಮಗು ಎತ್ತಿಕೊಂಡು ಊರಿಗೆ ಬರುವ ಹೊತ್ತಿಗೆ ಕೆರೆ ಕೋಡಿ ಹತ್ತಿರ ಇತ್ತು, ರಾಗಿ ಪೈರು ಮೊಣಕಾಲುದ್ದ. ಆ ವರ್ಷ ಕಣದಿಂದ ಮೊದಲ ಮೊರ ರಾಗಿ ಗುಂಡಿಯಣ್ಣನ ಮನೆಗೇ ಕೊಟ್ಟೆ. ಕೊಡುವಾಗ ಗುಟ್ಟಾಗಿ ಹೇಳಿದೆ: 'ನೋಡಣ್ಣ, ಅಕ್ಕ ಮಣ್ಣಲ್ಲೇ ಅವಳೆ. ಮಳೆ ಬಂತಾ ಇಲ್ವಾ?'

'ಬಂತು ಕಣವ್ವ' ಅಂದ. ತಲೆ ಎತ್ತಲಿಲ್ಲ, ರಾಗಿಯಲ್ಲಿ ಕಲ್ಲು ಆರಿಸುತ್ತಾ ನಿಂತ.

ಅಲ್ಲಿಂದ ಮುಂದೆ ನನಗೆ ಒಂದು ಧೈರ್ಯ ಬಂತು. ಗ್ರಹಣ, ಶಕುನ, ಬೆಕ್ಕು ಅಡ್ಡ ಬಂತು ಅಂತ ಯಾರು ಏನು ಹೇಳಿದರೂ ನಾನು ನಗುತ್ತಿದ್ದೆ. ಮೂರನೇ ಕ್ಲಾಸು ಓದಿದವಳಿಗೆ ಎಷ್ಟು ಜಂಬ ನೋಡು ಅಂತ ಬೈಸಿಕೊಂಡಿದ್ದೇನೆ. ಅವರಿಗೇನು ಗೊತ್ತು, ನನ್ನ ಹತ್ತಿರ ಸಾಕ್ಷಿ ಇದೆ, ಏರಿ ಪಕ್ಕದ ಮಣ್ಣಲ್ಲಿ ಮಲಗಿದೆ ಅಂತ ಒಳಗೇ ಅಂದುಕೊಳ್ಳುತ್ತಿದ್ದೆ.

ವರ್ಷಾ ವರ್ಷ ಅಮಾವಾಸ್ಯೆಗೆ ಅಕ್ಕನಿಗೆ ಎಡೆ ಒಯ್ಯುತ್ತಿದ್ದೆ. ಅವಳಿಗೆ ಇಷ್ಟ ಅಂತ ಹುರುಳಿಕಾಳು ಬಸ್ಸಾರು, ಮುದ್ದೆ, ಕಡಲೆಬೇಳೆ ವಡೆ. ನಾನು ಬರುವ ಮುಂಚೆಯೇ ಅವನು ಗುಡ್ಡೆಯ ಹುಲ್ಲು ಕಿತ್ತು, ಗುಂಡುಕಲ್ಲು ತೊಳೆದು ಇಟ್ಟಿರುತ್ತಿದ್ದ. ನಾನು ಹಾಲು ತುಪ್ಪ ಬಿಟ್ಟು ಹಿಂದೆ ಸರಿದ ಮೇಲೆ ಆ ಎಡೆ ಉಣ್ಣುತ್ತಿದ್ದವನು ಅವನೇ. ಕಾಗೆಗೆ ಒಂದು ತುತ್ತು ಎಸೆದು, ಉಳಿದದ್ದನ್ನು ಅಲ್ಲೇ ಕೂತು ಎಲೆ ನೆಕ್ಕಿ ಉಂಡು, ನಿಮ್ಮಕ್ಕನ ಹೆಸರಲ್ಲಿ ವರ್ಷಕ್ಕೊಂದು ಹಬ್ಬ ನಂಗೆ ಅನ್ನುತ್ತಿದ್ದ.

ಊರು ಲೇಔಟಾಯಿತು. ರಾಗಿ ಹೊಲ ಸೈಟಾಯಿತು. ಕೆರೆಗೆ ತಂತಿ ಬೇಲಿ ಹಾಕಿ ಏರಿಯ ಮೇಲೆ ವಾಕಿಂಗಿಗೆ ದಾರಿ ಮಾಡಿದರು. ಮಸಾಣವನ್ನು ಸರ್ಕಾರದವರು ತಗೊಂಡು ಕಾಂಪೌಂಡು ಎತ್ತಿದರು, ಗೇಟು ಇಟ್ಟರು, ಗುಂಡಿ ತೆಗೆಯುವುದನ್ನು ಕಂಟ್ರಾಕ್ಟಿಗೆ ಕೊಟ್ಟರು. ಗುಂಡಿಯಣ್ಣನಿಗೆ ವಯಸ್ಸಾಗಿತ್ತು, ಕೆಲಸ ಹೋಯಿತು. ಆದರೆ ಒಂದು ಕೆಲಸಕ್ಕೆ ಅವನೇ ಬೇಕಾದ. ಯಾರ ಮನೆಯವರು ಎಲ್ಲೆಲ್ಲಿದ್ದಾರೆ ಅಂತ ಕಂಪ್ಯೂಟರಿಗೆ ಏರಿಸಬೇಕು ಅಂತ ವಾರ್ಡ್ ಆಫೀಸಿನಿಂದ ಒಬ್ಬ ಗುಮಾಸ್ತ ಬಂದ. ಕೇಳಲು ಇನ್ಯಾರಿದ್ದಾರೆ? ಇವನು ಮುಂದೆ ಮುಂದೆ, ಗುಮಾಸ್ತ ಟ್ಯಾಬು ಹಿಡಿದು ಹಿಂದೆ ಹಿಂದೆ. ಇವನು ಕೋಲಿನಲ್ಲಿ ತೋರಿಸಿ ಹೇಳುವುದು, ಗುಮಾಸ್ತ ಒತ್ತುವುದು. ಇಡೀ ಮಸಾಣದ ದಾಖಲೆ ಆದದ್ದು ಹೀಗೆ, ಒಬ್ಬನ ಬಾಯಿಂದ. ನಮ್ಮ ಗುಡ್ಡೆ ಬರೆಸುವ ದಿನ ನಾನೂ ಹೋಗಿದ್ದೆ. ನನ್ನ ಕಣ್ಣ ಮುಂದೆಯೇ ಕೋಲು ಊರಿ, 'ಇಲ್ಲಿ ಈವಮ್ಮನ ಅಕ್ಕ, ಮದುವೆ ಇಲ್ಲ' ಅಂತ ಬರೆಸಿದ. ಗುಮಾಸ್ತ ಅಕ್ಕನ ಹೆಸರು ಕೇಳಿ ಒತ್ತಿದ. ಅಕ್ಕನ ಹೆಸರು ಎಲ್ಲಾದರೂ ಬರೆದದ್ದು ಅಂದರೆ ಅದೇ ಮೊದಲು. ರೇಷನ್ ಕಾರ್ಡಿನಲ್ಲೂ ಇರಲಿಲ್ಲ. ನನಗೆ ಕಣ್ಣು ಒದ್ದೆಯಾಯಿತು. ನಾನು ಹಾಗೆಲ್ಲ ಅಳುವವಳಲ್ಲ.

ಬರೆಸಿದ್ದೇ ತಪ್ಪಾಯಿತು ಅವನಿಗೆ. ದಾಖಲೆ ಆದ ಮೇಲೆ ನಕ್ಷೆ ಮಾಡಿದರು. ನಕ್ಷೆಯಲ್ಲಿ ಆಂಬುಲೆನ್ಸ್ ಬರಲು ಒಂದು ರಸ್ತೆ ಎಳೆದರು. ಆ ರಸ್ತೆ ಸರಿಯಾಗಿ ಅಕ್ಕ ಇದ್ದ ಸಾಲಿನ ಮೇಲೆ ಬಂತು. ಆ ಸಾಲಿನವರನ್ನು ಹಿಂದಿನ ಗೋಡೆ ಹತ್ತಿರ ಸಾಗಿಸುತ್ತೇವೆ, ಮನೆಯವರು ಬಂದು ನಿಂತು ಮೂಳೆ ತೆಗೆಸಿಕೊಳ್ಳಬೇಕು ಅಂತ ನೋಟೀಸು ಅಂಟಿಸಿದರು. ಅಲ್ಲಿ ಅಕ್ಕನ ಹೆಸರಿಗೂ ನಂಬರ್ ಹಾಕಿದ ಒಂದು ಜಾಗ ಕೊಟ್ಟರು. ಅಗಲವಾದ ಜಾಗ. ನಾನೂ ಅಲ್ಲೇ ಅವಳ ಪಕ್ಕ ಮಲಗಬಹುದು ಅಂತ ಮನಸ್ಸಿನಲ್ಲೇ ಅಳತೆ ಹಾಕಿಕೊಂಡೆ.

ನೋಟೀಸು ಅಂಟಿಸಿದ ವಾರ ಗುಂಡಿಯಣ್ಣ ಮನೆಗೆ ಬಂದ. ಮಲಗಿರೋರನ್ನ ಏಳಿಸಬಾರದು ಕಣವ್ವ ಅಂದ. ಇಷ್ಟು ವರ್ಷ ಆದ ಮೇಲೆ ಅಲ್ಲೇನಿರ್ತದೆ, ಎಲ್ಲ ಮಣ್ಣಾಗಿರ್ತದೆ, ಒಂದು ಹಿಡಿ ಮಣ್ಣು ಒಯ್ದು ಹೊಸ ಜಾಗಕ್ಕೆ ಹಾಕಿದರೆ ಸಾಕು, ನಾನೇ ಮಾಡ್ತೀನಿ, ನೀನು ಬಿಸಿಲಲ್ಲಿ ಬರಬೇಡ ಅಂದ. ಅಕ್ಕನ ಮೇಲೆ ಇವನಿಗೆ ಇನ್ನೂ ಎಷ್ಟು ಕರುಳು ಅಂದುಕೊಂಡೆ. ಕಾಫಿ ಕೊಟ್ಟೆ. ಇಲ್ಲಣ್ಣ, ನಾನು ನಿಂತೇ ತೆಗೆಸ್ತೀನಿ, ಅವಳನ್ನ ಒಬ್ಬಳನ್ನೇ ಬಿಡಲ್ಲ ಅಂದೆ. ಕಾಫಿ ಕುಡಿಯದೆ ಎದ್ದು ಹೋದ.

ಅಗೆದವನು ಕಂಟ್ರಾಕ್ಟರ್ ಕಡೆಯ ಆಳು, ಬಿಜಾಪುರದ ಕಡೆಯವನು. ಮರ್ಯಾದೆಯ ಮನುಷ್ಯ, ಗುದ್ದಲಿ ಹಾಕುವ ಮುಂಚೆ ನೆಲಕ್ಕೆ ಕೈ ಮುಗಿದ. ನಾನು ಹೊಸ ಬಿಳಿ ಬಟ್ಟೆ, ಒಂದು ಮಡಕೆ ಹಿಡಿದು ನಿಂತಿದ್ದೆ. ಸೊಸೆ ಛತ್ರಿ ಹಿಡಿದಿದ್ದಳು. ಗುಂಡಿಯಣ್ಣ ಸ್ವಲ್ಪ ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ. ಪಕ್ಕದ ಗುಡ್ಡೆಗಳಲ್ಲಿ ಮೂಳೆ ಸಿಕ್ಕಿತ್ತು, ಒಂದರಲ್ಲಿ ಬಳೆ ಚೂರೂ ಸಿಕ್ಕಿತ್ತು. ನಮ್ಮದರಲ್ಲಿ ಸೊಂಟದ ಆಳ ಹೋದರೂ ಏನೂ ಇಲ್ಲ. ಇನ್ನೂ ಸ್ವಲ್ಪ ಅಗೆದು ಅವನು ಒಂದು ಹಿಡಿ ಮಣ್ಣು ಮೇಲಕ್ಕೆ ತಂದ. ಕಪ್ಪು ಮಣ್ಣು, ನಡುನಡುವೆ ಇದ್ದಿಲು.

'ಯವ್ವಾ, ಇಲ್ಲಿ ಹುಗದಿದ್ದು ಯಾರೂ ಇಲ್ಲರಿ. ಯಾರನೋ ತಗದು ಸುಟ್ಟಾರ ನೋಡ್ರಿ ಇಲ್ಲಿ' ಅಂದ.

ಸೊಸೆಗೆ ಅರ್ಥವಾಗಲಿಲ್ಲ, ಜಾಗ ತಪ್ಪಿರಬೇಕು ಅತ್ತೆ ಅಂದಳು. ನನಗೆ ಜಾಗ ತಪ್ಪಿಲ್ಲ ಅಂತ ಗೊತ್ತಿತ್ತು. ಅವಳನ್ನು ಗೇಟಿನ ಹತ್ತಿರ ಕಳಿಸಿದೆ. ಆ ಆಳೂ ಬೀಡಿ ಸೇದುತ್ತೇನೆ ಅಂತ ಆಚೆ ಹೋದ. ನಾನು ಹೋಗಿ ಗುಂಡಿಯಣ್ಣನ ಎದುರು ನಿಂತೆ.

'ಯಾವಾಗ?' ಅಂದೆ.

ಅವನು ಸುಳ್ಳು ಹೇಳಲಿಲ್ಲ, ಆ ಹೊತ್ತಿಗೆ ಹೇಳಲು ಏನೂ ಉಳಿದಿರಲೂ ಇಲ್ಲ. ನೀನು ಬಾಣಂತನಕ್ಕೆ ಹೋದಾಗ ಅಂದ. ಊರ ನಾಲ್ಕು ಜನ ಯಜಮಾನರು ಬಂದು, ಮಳೆ ಯಾಕೋ ಮುನಿದಿದೆ, ತೊನ್ನಿನವರನ್ನು ಯಾರನ್ನಾದರೂ ಇಲ್ಲಿ ಹಾಕಿದೀಯಾ ಅಂತ ಕೇಳಿದರಂತೆ. ಹೊಡೆಯಲಿಲ್ಲ, ಬೈಯಲಿಲ್ಲ. ಅವರಿಗೆ ಯಾರ ಮೇಲೂ ಗುಮಾನಿ ಇರಲಿಲ್ಲ. ಕೇಳಿದರು ಅಷ್ಟೇ. ಇವನು ಎದ್ದು ಹೋಗಿ ತೋರಿಸಿದನಂತೆ. ಅಗೆದದ್ದೂ ಇವನೇ. ಕಟ್ಟಿಗೆ ಅವರು ತಂದರಂತೆ, ಅದೇ ಗುಂಡಿಯಲ್ಲಿ ಸುಟ್ಟು, ಆಮೇಲೆ ಇವನು ಮೊದಲಿನ ಹಾಗೇ ಗುಡ್ಡೆ ಮಾಡಿದನಂತೆ. ಹೆಂಗಸರಿಗೆ ತಿಳಿಯುವುದು ಬೇಡ ಅಂತ ಮಾತಾಯಿತಂತೆ. ಆಮೇಲೆ ಆ ನಾಲ್ವರೂ ಒಬ್ಬೊಬ್ಬರಾಗಿ ಬಂದರು, ಅವರಿಗೂ ನಾನೇ ತೆಗೆದೆ ಅಂದ.

'ಇಲ್ಲ ಅಂದಿದ್ರೆ ಮುಗೀತಿತ್ತಲ್ಲ' ಅಂದೆ.

'ಬಾಯಲ್ಲಿ ಸುಳ್ಳು ಬರಲಿಲ್ಲ ಕಣವ್ವ. ಊರು ಒಣಗ್ತಾ ಇತ್ತು.'

'ಅವರಿಗೆ ಹೇಳೋಕೆ ಬಾರದಿದ್ದ ಸುಳ್ಳು ನನಗೆ ಹೇಳೋಕೆ ಹೆಂಗೆ ಬಂತು? ಇಷ್ಟು ವರ್ಷ?'

ಅವನು ತಲೆ ಬಗ್ಗಿಸಿ ಕಾಲ ಬುಡದ ಹುಲ್ಲು ಕೀಳತೊಡಗಿದ. ಬೂದಿಯಾದರೂ ಎಲ್ಲಿ ಹಾಕಿದೆ ಅಂತ ಕೇಳಿದೆ. ಆಗ ಮುಖ ಎತ್ತಿದ. ನನಗೆ ಇವತ್ತಿಗೂ ಮೈ ಉರಿಯುವುದು ಆ ಮುಖ ನೆನೆಸಿಕೊಂಡರೆ. ಅದರಲ್ಲಿ ಭಯವೂ ಇತ್ತು, ನಾಚಿಕೆಯೂ ಇತ್ತು, ಆದರೆ ಅದರ ಅಡಿಯಲ್ಲಿ ಸಮಾಧಾನವೂ ಇತ್ತು.

'ಬೂದಿ ಎಲ್ಲಿ ಉಳೀತು? ಮಳೆ ಬಂತಲ್ಲವ್ವ' ಅಂದ.

ಬಂದಿತ್ತು. ಆ ಮಳೆಗೇ ಬೆಳೆದ ರಾಗಿಯನ್ನು ನಾನು ಮೊರದಲ್ಲಿ ತುಂಬಿ ಅವನಿಗೆ ಕೊಟ್ಟಿದ್ದು. ಅಕ್ಕ ಮಣ್ಣಲ್ಲೇ ಅವಳೆ ಅಂತ ಜಂಬ ಕೊಚ್ಚಿದ್ದು. ನನ್ನ ಮಗನ ಬಾಯಿಗೆ ಮೊದಲ ತುತ್ತು ಅಂತ ಇಟ್ಟದ್ದೂ ಅದೇ ರಾಗಿ ಮಣ್ಣಿ. ಅವನ ಲೆಕ್ಕದಲ್ಲಿ ಅಕ್ಕನನ್ನು ಸುಟ್ಟು ಊರಿಗೆ ಮಳೆ ತಂದುಕೊಟ್ಟ. ಆ ಊರಿನಲ್ಲಿ ನಾನೂ ಸೇರಿದ್ದೆ, ನನ್ನ ಮಕ್ಕಳೂ ಸೇರಿದ್ದರು. ದುಡ್ಡಿನ ಆಸೆಗೆ ಮಾಡಿದ್ದರೆ, ಕುಡಿದು ಬಾಯಿ ಬಿಟ್ಟಿದ್ದರೆ, ಹೆದರಿಸಿ ಹೇಳಿಸಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಅವನು ಒಳ್ಳೆಯದು ಮಾಡಿದ್ದೇನೆ ಅಂತ ನಂಬಿಕೊಂಡು ವರ್ಷಾ ವರ್ಷ ನನ್ನ ಮುಂದೆ ಬರೀ ಮಣ್ಣಿನ ಹುಲ್ಲು ಕೀಳುತ್ತಿದ್ದ, ಅದರ ಮೇಲೆ ಇಟ್ಟ ಎಡೆ ಉಣ್ಣುತ್ತಿದ್ದ. ಇದಕ್ಕೆ ಬೈಗುಳ ನನಗೆ ಸಿಗಲಿಲ್ಲ. ಮಡಕೆ ಅಲ್ಲೇ ಇಟ್ಟು ಬಂದೆ.

ಆಮೇಲೆ ಅವನ ಹತ್ತಿರ ಮಾತಾಡಲಿಲ್ಲ. ಅವನು ನಮ್ಮ ಬೀದಿಯ ಟೀ ಅಂಗಡಿ ಬೆಂಚಿಗೆ ಬಂದು ಕೂರುತ್ತಿದ್ದ, ನಾನು ಹೂವಿನವಳ ಹತ್ತಿರ ಚೌಕಾಸಿ ಮಾಡುವುದನ್ನು ನೋಡುತ್ತಿದ್ದ. ಎರಡು ಸಲ ಎಲೆ ಮಡಿಸಿ ಕೊಟ್ಟು ಕಳಿಸಿದ, ವಾಪಸ್ಸು ಕಳಿಸಿದೆ. ಆಮೇಲೆ ಕಳಿಸಲಿಲ್ಲ. ಇಸ್ತ್ರಿ ಪಂಚೆ ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ವಾರ್ಡ್ ಆಫೀಸಿಗೆ ಹೋಗಿ ಅಕ್ಕನ ಹೆಸರು ತೆಗೆಯಿರಿ ಅಂದೆ. ಅವಳು ಅಲ್ಲಿಲ್ಲ, ನೀವು ಬರೆದದ್ದು ಸುಳ್ಳು ಅಂದೆ. ಗುಮಾಸ್ತ ಕಂಪ್ಯೂಟರ್ ತಿರುಗಿಸಿ ತೋರಿಸಿದ. 'ಅಜ್ಜಿ, ಒಂದ್ಸಲ ಎಂಟ್ರಿ ಆದ್ಮೇಲೆ ತೆಗೆಯಕ್ಕಾಗಲ್ಲ. ಇದರಲ್ಲಿ ಆಪ್ಷನ್ನೇ ಇಲ್ಲ' ಅಂದ. ಹಿಂದಿನ ಗೋಡೆ ಹತ್ತಿರ ಸ್ಥಳಾಂತರ ಆಗಿದೆ ಅಂತಲೂ ಅದರಲ್ಲಿ ಬರೆದಾಗಿತ್ತು. ಮಣ್ಣಿನಲ್ಲಿ ಎರಡೇ ವರ್ಷ ಇದ್ದ ನಮ್ಮಕ್ಕ ಕಾಗದದ ಮೇಲೆ ಎರಡೆರಡು ಸಲ ಮಣ್ಣಾಗಿದ್ದಾಳೆ. ಈ ಮಸಾಣದ ದಾಖಲೆ ಪೂರ್ತಿ ಅವನ ಬಾಯಿಂದ ಬಂದದ್ದು. ಅಮಾವಾಸ್ಯೆ ದಿನ ಜನ ಸಾಲಾಗಿ ಹಾಲಿನ ಚೊಂಬು ಹಿಡಿದು ನಂಬರ್ ನೋಡಿಕೊಂಡು ಹೋಗುತ್ತಾರೆ. ಎಷ್ಟು ಜನ ಬರೀ ಮಣ್ಣಿಗೆ ಬಿಡುತ್ತಿದ್ದಾರೋ ಯಾರಿಗೆ ಗೊತ್ತು. ನಾನು ಯಾರಿಗೂ ಹೇಳಲು ಹೋಗಿಲ್ಲ.

ಹೋದ ಕಾರ್ತೀಕದಲ್ಲಿ ಅವನು ತೀರಿಕೊಂಡ. ಬೆಳಿಗ್ಗೆ ಅವನ ಮಗಳು ಬಂದು ಬಾಗಿಲಲ್ಲಿ ನಿಂತಳು. ಈಗ ನಂಬರ್ ಇರುವ ಮನೆಯವರಿಗೆ ಮಾತ್ರ ಒಳಗೆ ಗುಂಡಿ, ಉಳಿದವರು ಕರೆಂಟಿನ ಚಿತಾಗಾರಕ್ಕೆ ಹೋಗಬೇಕು. ಅವನ ಮನೆಯವರನ್ನೆಲ್ಲ ಹಾಕಿದ್ದು ಏರಿಯ ಕೆಳಗೆ, ಅದು ಬೇಲಿಯ ಆಚೆ ಹೋಯಿತು. ಊರಿನವರದ್ದೆಲ್ಲ ಬರೆಸುವಾಗ ತನಗೊಂದು ಜಾಗ ಬರೆಸಿಕೊಳ್ಳಬಹುದಿತ್ತು, ಯಾರು ಬೇಡ ಅನ್ನುತ್ತಿದ್ದರು? ಬರೆಸಿಕೊಂಡಿರಲಿಲ್ಲ.

ಮಗಳಿಗೆ ಹಳೆಯದೇನೂ ಗೊತ್ತಿಲ್ಲ. 'ಅತ್ತೆಮ್ಮ, ಮೂರು ದಿನದಿಂದ ಒಂದೇ ಮಾತು, ಸುಡಬೇಡಿ ಸುಡಬೇಡಿ ಅಂತ. ನಿಮ್ಮದೊಂದು ಜಾಗ ಖಾಲಿ ಐತಂತೆ' ಅಂದಳು.

ಯಾರ ಮುಂದೆ ಯಾವ ಮಾತು ಆಡುತ್ತಿದ್ದೇನೆ ಅಂತ ಅವಳಿಗೆ ತಿಳಿಯದು. ಒಲೆಯ ಮೇಲಿನ ಹಾಲು ಉಕ್ಕಿ ಸೊಸೆ ಓಡಿ ಬಂದಳು. ಸುಡಲಿ ಅವನನ್ನು ಅಂತ ಬಾಯಿಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ, ಅವನು ಆ ನಾಲ್ವರಿಗೆ ಅಕ್ಕನನ್ನು ತೋರಿಸಿಕೊಟ್ಟ ಹಾಗೇ ನಾನೂ ತೋರಿಸಿಕೊಟ್ಟಂತೆ ಆಗುತ್ತಿತ್ತು. ಅಷ್ಟಕ್ಕೆ ನಾನು ಇಳಿಯಲು ತಯಾರಿರಲಿಲ್ಲ. ನಡಿ ಅಂತ ಅವಳ ಜೊತೆ ವಾರ್ಡ್ ಆಫೀಸಿಗೆ ಹೋದೆ.

ಅಲ್ಲಿ ಅದೇ ಗುಮಾಸ್ತ. ಸತ್ತವರು ನಿಮಗೆ ಏನಾಗಬೇಕು ಅಂತ ಕೇಳಿದ. ಏನೂ ಆಗಬೇಕಾಗಿಲ್ಲ ಅಂದೆ. ಸಂಬಂಧ ಇಲ್ಲದಿದ್ದರೆ ಕಂಪ್ಯೂಟರ್ ತಗೊಳ್ಳುವುದಿಲ್ಲ ಅಜ್ಜಿ, ಸಹೋದರ ಅಂತ ಹಾಕಲಾ ಅಂದ.

'ಹಾಕ್ಕೊ. ನಿನ್ನ ಕಂಪ್ಯೂಟರಿಗೆ ಸುಳ್ಳೇನು ಹೊಸದಾ' ಅಂದೆ.

ಹೆಬ್ಬೆಟ್ಟು ಬೇಡ, ಸಹಿ ಮಾಡ್ತೀನಿ ಅಂತ ಸಹಿ ಮಾಡಿ ಕೊಟ್ಟೆ. ಅವನಿಗೆ ಮಣ್ಣು ಸಿಕ್ಕಿತು. ಹೋಗಿ ನೋಡಿದೆ, ಮಣ್ಣು ಹಾಕಲಿಲ್ಲ. ದೊಡ್ಡ ಮನಸ್ಸು ನಿಮ್ಮದು ಅಂತ ಗೇಟಿನ ಹತ್ತಿರ ಯಾರೋ ಅಂದರು. ಅಂಥದ್ದೇನೂ ಇಲ್ಲ ಅಂದೆ. ಅವನನ್ನು ನಾನು ಕ್ಷಮಿಸಿಲ್ಲ. ಅಕ್ಕನ ಮೈಗೆ ಅರಿಶಿನ ಬಳಿ ಅಂತ ಹೇಳಿಕೊಟ್ಟವನೂ ಅವನೇ, ಅದನ್ನೂ ಮರೆತಿಲ್ಲ. ಹುಟ್ಟಿನಿಂದ ಮಣ್ಣಿಗೆ ಹೋಗುವವರೆಗೆ ಅವಳನ್ನು ಮದುವಣಗಿತ್ತಿ ಅಂತ ಅಲಂಕಾರ ಮಾಡಿ ಜನ ನೋಡಿದ್ದು ಆ ಒಂದು ದಿನ. ಎರಡು ವರ್ಷವಾದರೂ ಅವಳು ಕೇಳಿದ ಕಡೆ ಮಲಗಿದ್ದಳು. ಆ ಋಣಕ್ಕೆ ಜಾಗ ಕೊಟ್ಟೆ. ಉಳಿದದ್ದು ಉಳಿದೇ ಇದೆ.

ಈಚೆಗೆ ಮಗ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದೇನೆ, ನಾನು ಹೋದ ಮೇಲೆ ನನಗೆ ಜಾಗ ಗೀಗ ಹುಡುಕಬೇಡಿ, ಸುಟ್ಟುಬಿಡಿ ಅಂತ. ಮಗ ಎದ್ದು ಹೊರಗೆ ಹೋದ. ಸೊಸೆ ಗಾಬರಿಯಾಗಿ, ಇದೇನತ್ತೆ, ನಮ್ಮ ಮನೆತನದಲ್ಲಿ ಯಾರನ್ನೂ ಸುಟ್ಟಿಲ್ಲವಲ್ಲ ಅಂದಳು.

ಒಬ್ಬಳನ್ನ ಸುಟ್ಟಿದ್ದಾರೆ ಅಂದೆ.